ಊರಿಗೆಲ್ಲ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ: ಸತ್ಯ ಮುಚ್ಚಿಟ್ಟ ಕಥೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಒಂದು ಮಾತು. ಮುಚ್ಚಿಟ್ಟ ಸತ್ಯದ ಬಗ್ಗೆ ಬರೆಯುವಾಗ ಸತ್ಯ ಮುಚ್ಚಿಡೋಕೆ ಆಗಲ್ಲ. ಕೆಳಗೆ ಹೆಸರು ಬರುವ ಪ್ರತಿ ಕಥೆಯ ಗುಟ್ಟೂ ಬಯಲಾಗುತ್ತದೆ. ನೀವು ನೋಡದ ಸಿನಿಮಾ, ಓದದ ಕಾದಂಬರಿಯ ಹೆಸರು ಕಂಡರೆ ಆ ಉತ್ತರ ಬಿಟ್ಟು ಮುಂದಕ್ಕೆ ಹೋಗಿ.

ಪ್ರತಿ ಕಥೆಯಲ್ಲೂ ಯಾರಿಗೋ ಏನೋ ಗೊತ್ತಿರುವುದಿಲ್ಲ. ಇದರಲ್ಲಿ ವಿಶೇಷ ಏನು?

ಗೊತ್ತಿಲ್ಲದಿರುವುದು ಬೇರೆ, ಗೊತ್ತಾಗದ ಹಾಗೆ ನೋಡಿಕೊಳ್ಳುವುದು ಬೇರೆ. ಜೂಲಿಯೆಟ್ ಬದುಕಿದ್ದಾಳೆ ಎಂದು ರೋಮಿಯೋಗೆ ಗೊತ್ತಿರಲಿಲ್ಲ. ಆದರೆ ಅವನಿಂದ ಯಾರೂ ಅದನ್ನು ಬಚ್ಚಿಡಲಿಲ್ಲ. ಪತ್ರ ಹಿಡಿದು ಹೊರಟಿದ್ದ ಸನ್ಯಾಸಿಯನ್ನು ಪ್ಲೇಗಿನ ಭಯದಿಂದ ಒಂದು ಮನೆಯೊಳಗೆ ಕೂಡಿಹಾಕಿದರು. ಪತ್ರ ತಲುಪಲಿಲ್ಲ. ಅದು ಗ್ರಹಚಾರ, ಅಷ್ಟೇ. ಒಥೆಲೊನದು ಇನ್ನೊಂದು ಥರ. ಅಲ್ಲಿ ಇಯಾಗೊ ಇಲ್ಲದ್ದನ್ನು ಹುಟ್ಟಿಸಿ ಕಿವಿಗೆ ಊದುತ್ತಾನೆ. ಅದು ಚಾಡಿ.

ಈ ಪುಟದಲ್ಲಿ ನಾವು ನೋಡುವುದು ಮೂರನೇ ಬಗೆ. ಸತ್ಯ ಆ ಪಾತ್ರದ ಬದುಕಿಗೇ ಸಂಬಂಧಪಟ್ಟದ್ದು. ಅದು ಗೊತ್ತಿರುವವರು ಪಕ್ಕದಲ್ಲೇ ಓಡಾಡಿಕೊಂಡಿದ್ದಾರೆ. ದಿನಾ ಮಾತಾಡಿಸುತ್ತಾರೆ. ಆದರೆ ಇದೊಂದನ್ನು ಮಾತ್ರ ಹೇಳುವುದಿಲ್ಲ. ಹೇಳಬಾರದು ಎಂದು ತೀರ್ಮಾನ ಮಾಡಿಕೊಂಡಿದ್ದಾರೆ. ಗಡಿ ಯಾವಾಗಲೂ ಇಷ್ಟು ಸ್ಪಷ್ಟವಾಗಿ ಇರುವುದಿಲ್ಲ ನಿಜ. ಮುಚ್ಚಿಟ್ಟದ್ದನ್ನು ಕಾಪಾಡಿಕೊಳ್ಳಲು ಒಂದಲ್ಲ ಒಂದು ದಿನ ಸುಳ್ಳು ಹೇಳಲೇಬೇಕಾಗುತ್ತದೆ.

ಒಂದೇ ಉದಾಹರಣೆ ಕೊಡಿ ಅಂದರೆ?

ಕರ್ಣ. ಬೇರೆ ಮಾತೇ ಇಲ್ಲ.

ಕರ್ಣನ ಹುಟ್ಟಿನ ಗುಟ್ಟನ್ನು ಸಾಮಾನ್ಯವಾಗಿ ನಾವು ಕರ್ಣನ ದುಃಖ ಅಂತ ಮಾತ್ರ ಓದುತ್ತೇವೆ. ಆದರೆ ಯಾರಿಗೆ, ಯಾವಾಗ ಏನು ಗೊತ್ತಿತ್ತು ಎಂದು ಒಂದು ಪಟ್ಟಿ ಮಾಡಿ ನೋಡಿ. ಕುಂತಿಗೆ ಮೊದಲಿನಿಂದಲೂ ಗೊತ್ತು. ಕೃಷ್ಣನಿಗೆ ಗೊತ್ತು. ಭೀಷ್ಮನಿಗೂ ಗೊತ್ತು, ನಾರದನಿಂದ ಕೇಳಿದ್ದೆ ಎಂದು ಶರಶಯ್ಯೆಯ ಮೇಲೆ ಮಲಗಿ ಹೇಳುತ್ತಾನೆ. ಯುದ್ಧಕ್ಕೆ ಮುಂಚೆ ಕೃಷ್ಣ ಹೇಳಿದ ಮೇಲೆ ಕರ್ಣನೂ ಗೊತ್ತಿದ್ದವರ ಸಾಲಿಗೆ ಸೇರುತ್ತಾನೆ. ಕೊನೆಗೆ ಏನೂ ಗೊತ್ತಿಲ್ಲದೆ ಉಳಿದವರು ಯಾರು? ಪಾಂಡವರು! ಕರ್ಣನೇ ಕೃಷ್ಣನನ್ನು ಕೇಳಿಕೊಳ್ಳುತ್ತಾನೆ: ಧರ್ಮರಾಯನಿಗೆ ಹೇಳಬೇಡ, ಗೊತ್ತಾದರೆ ಅವನು ರಾಜ್ಯ ನನಗೆ ಕೊಡುತ್ತಾನೆ, ನಾನು ಅದನ್ನು ದುರ್ಯೋಧನನಿಗೆ ಕೊಟ್ಟುಬಿಡುತ್ತೇನೆ ಎಂದು. ಸತ್ಯ ಕಳೆದುಕೊಂಡಿದ್ದವನೇ ಈಗ ಸತ್ಯ ಮುಚ್ಚಿಡುವವನಾದ.

ವ್ಯಾಸಭಾರತದಲ್ಲಿ ಎರಡು ಸಣ್ಣ ವಿವರಗಳಿವೆ. ಅಸ್ತ್ರಪ್ರದರ್ಶನದ ದಿನ ಕರ್ಣ ಅಖಾಡಕ್ಕೆ ಬಂದು ಅರ್ಜುನನ ಎದುರು ನಿಂತಾಗ ಕುಂತಿ ಮೂರ್ಛೆ ಹೋಗುತ್ತಾಳೆ. ವಿದುರ ಉಪಚಾರ ಮಾಡಿಸುತ್ತಾನೆ. ಎದ್ದಮೇಲೂ ಬಾಯಿ ಬಿಡುವುದಿಲ್ಲ. ಇನ್ನೊಂದು ಯುದ್ಧ ಮುಗಿದ ಮೇಲೆ ಬರುತ್ತದೆ. ಸತ್ತವರಿಗೆ ನೀರು ಬಿಡುವಾಗ ಕುಂತಿ ಹೇಳಿಬಿಡುತ್ತಾಳೆ, ಕರ್ಣನಿಗೂ ನೀರು ಬಿಡಿ, ಅವನು ನಿಮ್ಮ ಅಣ್ಣ ಎಂದು. ಆಗ ಧರ್ಮರಾಯನಿಗೆ ಹಳೆಯದೊಂದು ನೆನಪಾಗುತ್ತದೆ. ಜೂಜಿನ ಸಭೆಯಲ್ಲಿ ಕರ್ಣ ಬಾಯಿಗೆ ಬಂದ ಹಾಗೆ ಆಡುತ್ತಿದ್ದಾಗ ಅವನ ಪಾದ ನೋಡಿದೊಡನೆ ತನ್ನ ಸಿಟ್ಟು ಇಳಿದುಹೋಗಿತ್ತು. ಆ ಪಾದ ಥೇಟ್ ಕುಂತಿಯ ಪಾದದ ಹಾಗಿತ್ತು. ಯಾಕೆ ಹಾಗೆ ಎಂದು ಆಗ ಹೊಳೆದಿರಲಿಲ್ಲ.

ಮುಚ್ಚಿಟ್ಟ ಸತ್ಯದ ಕಥೆ ಚೆನ್ನಾಗಿ ಕೂತಿದೆಯೋ ಇಲ್ಲವೋ ಎಂದು ನೋಡಲು ನಾನು ಈ ಪಾದವನ್ನೇ ನೆನೆಸಿಕೊಳ್ಳುವುದು. ಸುಳಿವು ಕಣ್ಣೆದುರೇ ಇತ್ತು, ಮನಸ್ಸಿಗೂ ತಟ್ಟಿತ್ತು, ಆದರೆ ಅರ್ಥವಾಗಲಿಲ್ಲ.

ಈಡಿಪಸ್‌ನದು ವಿಧಿಯ ಕಥೆ ಅಲ್ವಾ? ಅವನಿಂದ ಯಾರು ಏನು ಮುಚ್ಚಿಟ್ಟರು?

ಸೊಫೊಕ್ಲಿಸ್‌ನ ನಾಟಕವನ್ನು ವಿಧಿಯ ಕಥೆ ಎಂದೇ ಹೇಳಿಕೊಡುತ್ತಾರೆ. ಆದರೆ ಈಡಿಪಸ್ ಊರು ಬಿಟ್ಟದ್ದು ಯಾಕೆ ಎಂದು ಅವನೇ ಹೇಳುವ ಭಾಗ ಓದಿ. ಕೊರಿಂತ್‌ನಲ್ಲಿ ಒಂದು ಔತಣ. ಕುಡಿದವನೊಬ್ಬ, ನೀನು ನಿನ್ನಪ್ಪನಿಗೆ ಹುಟ್ಟಿದವನಲ್ಲ ಅನ್ನುತ್ತಾನೆ. ಮರುದಿನ ಈಡಿಪಸ್ ಅಪ್ಪ ಅಮ್ಮನನ್ನು ಕೇಳುತ್ತಾನೆ. ಅವರು ಕುಡುಕನ ಮೇಲೆ ರೇಗುತ್ತಾರೆ. ಆದರೆ, ನಿನ್ನನ್ನು ನಾವು ಸಾಕಿಕೊಂಡಿದ್ದು ಎನ್ನುವ ಮಾತು ಅವರ ಬಾಯಿಂದ ಬರುವುದಿಲ್ಲ. ಅನುಮಾನ ಹೋಗದೆ ಅವನು ದೈವದ ಮಾತು ಕೇಳಲು ಹೋಗುತ್ತಾನೆ. ನೀನು ಅಪ್ಪನನ್ನು ಕೊಲ್ಲುತ್ತೀಯ, ಅಮ್ಮನನ್ನು ಮದುವೆಯಾಗುತ್ತೀಯ ಎಂಬ ಮಾತು ಕೇಳಿಸುತ್ತದೆ. ಸಾಕಿದವರೇ ಹೆತ್ತವರು ಎಂದುಕೊಂಡು, ಅವರನ್ನು ಉಳಿಸಲು ಊರು ಬಿಟ್ಟು ಓಡುತ್ತಾನೆ. ದಾರಿಯಲ್ಲಿ ನಿಜವಾದ ಅಪ್ಪ ಎದುರಾಗುತ್ತಾನೆ.

ಪ್ರೀತಿಯಿಂದಲೇ ಮುಚ್ಚಿಟ್ಟ ಒಂದು ಸಂಗತಿ. ಅದನ್ನು ಅವತ್ತು ಹೇಳಿದ್ದರೆ ಅವನಿಗೆ ಕೊರಿಂತ್ ಬಿಡುವ ಕಾರಣವೇ ಇರುತ್ತಿರಲಿಲ್ಲ. ವಿಧಿಯ ಪಾತ್ರ ಇಲ್ಲ ಅಂತಲ್ಲ. ವಿಧಿಗೆ ದಾರಿ ಮಾಡಿಕೊಟ್ಟವರು ಸಾಕಿದ ತಂದೆ ತಾಯಿ.

ಓದುಗನಿಗೆ ಮೊದಲೇ ಗೊತ್ತಿದ್ದರೆ ಕಥೆ ಸಪ್ಪೆಯಾಗುವುದಿಲ್ಲವೇ?

ಉಲ್ಟಾ. ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಇದಕ್ಕೆ ಕೊಟ್ಟ ವಿವರಣೆ ತುಂಬಾ ಪ್ರಸಿದ್ಧ. ಮೇಜಿನ ಕೆಳಗೆ ಬಾಂಬ್ ಇದೆ, ಯಾರಿಗೂ ಗೊತ್ತಿಲ್ಲ, ಸಿಡಿಯಿತು. ಪ್ರೇಕ್ಷಕನಿಗೆ 15 ಸೆಕೆಂಡಿನ ಆಘಾತ ಸಿಗುತ್ತದೆ. ಅದೇ ಬಾಂಬ್ ಇರುವುದು ಪ್ರೇಕ್ಷಕನಿಗೆ ಮಾತ್ರ ಗೊತ್ತಿದ್ದು, ಮೇಜಿನ ಸುತ್ತ ಕೂತವರು ಸುಮ್ನೆ ಹರಟೆ ಹೊಡೆಯುತ್ತಿದ್ದರೆ? ಪೂರಾ 15 ನಿಮಿಷ ಉಸಿರು ಬಿಗಿಹಿಡಿದು ಕೂರುತ್ತಾನೆ. ಸಂಭಾಷಣೆಯೂ ದೃಶ್ಯವೂ ಅವೇ, ಬದಲಾದದ್ದು ನೋಡುವವನ ಪಾಡು ಮಾತ್ರ.

ಬಾಂಬ್ ಇರಲೇಬೇಕು ಅಂತೇನಿಲ್ಲ. ವಿರಾಟಪರ್ವ ನೋಡಿ. ಪಾಂಡವರ ಅಜ್ಞಾತವಾಸ ಅಂದರೆ, ಒಬ್ಬ ರಾಜನನ್ನು ಅವನ ಮನೆಯಲ್ಲೇ ವರ್ಷವಿಡೀ ಏನೂ ಗೊತ್ತಾಗದ ಹಾಗೆ ಇಟ್ಟ ಕಥೆ. ಅದರ ತುದಿ ಎಂಥ ದೃಶ್ಯ! ಉತ್ತರಕುಮಾರ ಕೌರವರನ್ನು ಗೆದ್ದು ಬಂದ ಎಂದು ವಿರಾಟ ಹಿರಿಹಿರಿ ಹಿಗ್ಗುತ್ತ ಪಗಡೆ ಆಡುತ್ತಿದ್ದಾನೆ. ಎದುರಿಗೆ ಕಂಕ. ಅಂದರೆ ಧರ್ಮರಾಯ. ಬೃಹನ್ನಳೆ ಸಾರಥಿಯಾಗಿದ್ದರೆ ಗೆಲ್ಲದೇ ಇರುತ್ತಾರೆಯೇ ಅನ್ನುತ್ತಾನೆ ಕಂಕ. ರಾಜನಿಗೆ ಪಿತ್ತ ನೆತ್ತಿಗೇರುತ್ತದೆ. ನನ್ನ ಮಗನನ್ನು ಬಿಟ್ಟು ನಪುಂಸಕನನ್ನು ಹೊಗಳುತ್ತೀಯಾ ಎಂದು ದಾಳ ಎತ್ತಿ ಮುಖಕ್ಕೆ ಹೊಡೆಯುತ್ತಾನೆ. ಕಂಕನ ಮೂಗಿನಿಂದ ರಕ್ತ ಸುರಿಯುತ್ತದೆ. ಅವನು ಅದನ್ನು ಅಂಗೈಯಲ್ಲಿ ಹಿಡಿಯುತ್ತಾನೆ, ನೆಲಕ್ಕೆ ಬೀಳಲು ಬಿಡುವುದಿಲ್ಲ. ಸೈರಂಧ್ರಿ ಪಾತ್ರೆ ತಂದು ಒಡ್ಡುತ್ತಾಳೆ. ಅಷ್ಟರಲ್ಲಿ ಉತ್ತರ, ಬೃಹನ್ನಳೆ ಇಬ್ಬರೂ ಬಾಗಿಲಿಗೆ ಬಂದಿದ್ದಾರೆ. ಉತ್ತರನನ್ನು ಮಾತ್ರ ಒಳಗೆ ಬಿಡು ಎಂದು ಧರ್ಮರಾಯ ಬಾಗಿಲು ಕಾಯುವವನ ಕಿವಿಯಲ್ಲಿ ಹೇಳುತ್ತಾನೆ. ಅಣ್ಣನ ರಕ್ತ ಕಂಡರೆ ಅರ್ಜುನ ವಿರಾಟನನ್ನು ಉಳಿಸುವುದಿಲ್ಲ, ಅದಕ್ಕೆ.

ರಾಜನ ಜೀವ ಒಂದು ಬಾಗಿಲ ಮೇಲೆ ನಿಂತಿದೆ. ಅದು ರಾಜನಿಗೇ ಗೊತ್ತಿಲ್ಲ. ಕೇಳುವ ನಮಗೆ ಗೊತ್ತು. ನಗುವೂ ಬರುತ್ತದೆ, ಎದೆಯೂ ಹೊಡೆದುಕೊಳ್ಳುತ್ತದೆ.

ಓದುಗನನ್ನೂ ಪಾತ್ರದ ಜೊತೆಗೇ ಮೋಸಗೊಳಿಸುವ ಕಥೆಗಳು?

ಅವೂ ಇವೆ. ಆದರೆ ಬರೆಯುವುದು ಕಷ್ಟ. ಡಿಕನ್ಸ್ 1860ರಿಂದ 61ರವರೆಗೆ ಕಂತುಗಳಲ್ಲಿ ಬರೆದ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ನಲ್ಲಿ ಪಿಪ್ ಎಂಬ ಹುಡುಗನಿಗೆ ಯಾರೋ ಗುಟ್ಟಾಗಿ ಹಣ ಕೊಡುತ್ತಾರೆ. ಶ್ರೀಮಂತೆ ಮಿಸ್ ಹ್ಯಾವಿಶಾಮಳೇ ಕೊಡುತ್ತಿರುವುದು ಎಂದು ಅವನು ನಂಬುತ್ತಾನೆ. ನಾವೂ ನಂಬುತ್ತೇವೆ. ನಿಜಕ್ಕೂ ಕೊಟ್ಟವನು, ಹಿಂದೆ ಪಿಪ್ ಊಟ ಕೊಟ್ಟಿದ್ದ ಒಬ್ಬ ಕೈದಿ. ಇದರಲ್ಲಿ ಮೆಚ್ಚಬೇಕಾದ್ದು ವಕೀಲ ಜಾಗರ್ಸ್‌ನನ್ನು. ಅವನಿಗೆ ಎಲ್ಲ ಗೊತ್ತು. ಅವನು ಒಂದು ಸುಳ್ಳೂ ಹೇಳುವುದಿಲ್ಲ. ಹೆಸರು ಹೇಳಲಾರೆ ಎಂದು ಮೊದಲೇ ಹೇಳಿರುತ್ತಾನೆ. ಊಹೆ ಮಾಡಿಕೊಂಡವನು ಪಿಪ್. ಹ್ಯಾವಿಶಾಮ್ ಆ ಊಹೆಯನ್ನು ಬೇಕಂತಲೇ ತಿದ್ದುವುದಿಲ್ಲ.

1999ರ ‘ದಿ ಸಿಕ್ಸ್ತ್ ಸೆನ್ಸ್’ ಸಿನಿಮಾದ್ದೂ ಇದೇ ಜಾತಿ. ತಾನು ಸತ್ತಿರುವುದು ನಾಯಕನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಎರಡನೇ ಸಲ ನೋಡಿದಾಗ ಪ್ರತಿ ದೃಶ್ಯವೂ ಬೇರೆಯಾಗಿ ಕಾಣಿಸುತ್ತದೆ. ಹಾಗೆ ಕಾಣದಿದ್ದರೆ ಅದು ಬರೀ ಗಿಮಿಕ್.

ಒಳ್ಳೆಯದಕ್ಕೆ ಅಂತ ಮುಚ್ಚಿಟ್ಟರೆ ತಪ್ಪೇನು?

ಈ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ. ಉತ್ತರಕ್ಕೆ ಶಾಕುಂತಲದ ನಾಲ್ಕನೇ ಅಂಕಕ್ಕೆ ಹೋಗೋಣ.

ಶಕುಂತಲೆ ದುಷ್ಯಂತನ ಯೋಚನೆಯಲ್ಲಿ ಮುಳುಗಿ ಕೂತಿದ್ದಾಳೆ. ದುರ್ವಾಸ ಬಂದು ಕರೆದದ್ದು ಅವಳಿಗೆ ಕೇಳುವುದಿಲ್ಲ. ಯಾರನ್ನು ನೆನೆಯುತ್ತಿದ್ದೀಯೋ ಅವನು ನಿನ್ನನ್ನು ಮರೆಯಲಿ ಎಂದು ಅವನು ಶಪಿಸುತ್ತಾನೆ. ಅದೂ ಕೇಳುವುದಿಲ್ಲ. ಕೇಳಿಸಿದ್ದು ಗೆಳತಿಯರಿಗೆ. ಪ್ರಿಯಂವದೆ ಓಡಿಹೋಗಿ ಕಾಲಿಗೆ ಬಿದ್ದು, ಗುರುತಿನ ಆಭರಣ ತೋರಿಸಿದರೆ ಶಾಪ ಕಳೆಯುತ್ತದೆ ಎಂಬಷ್ಟು ಪರಿಹಾರ ತರುತ್ತಾಳೆ. ಆಮೇಲೆ ಅವಳೂ ಅನಸೂಯೆಯೂ ಮಾತಾಡಿಕೊಳ್ಳುತ್ತಾರೆ: ಇದು ನಮ್ಮಿಬ್ಬರಲ್ಲೇ ಇರಲಿ, ಅವಳ ಮನಸ್ಸು ಮೃದು, ತಡೆದುಕೊಳ್ಳಲಾರಳು. ಬೀಳ್ಕೊಡುವಾಗ, ರಾಜ ಗುರುತು ಹಿಡಿಯದಿದ್ದರೆ ಈ ಉಂಗುರ ತೋರಿಸು ಅಂತಷ್ಟೇ ಹೇಳುತ್ತಾರೆ. ಶಕುಂತಲೆಗೆ ಎದೆ ಝಲ್ಲೆನ್ನುತ್ತದೆ. ಹೆದರಬೇಡ, ಪ್ರೀತಿ ಇದ್ದಲ್ಲಿ ಕೆಟ್ಟ ಯೋಚನೆ ಬರುತ್ತದೆ ಅಷ್ಟೇ ಎಂದು ಸಮಾಧಾನ ಮಾಡುತ್ತಾರೆ.

ಆ ಉಂಗುರದ ಮೇಲೆ ಅವಳ ಬದುಕೇ ನಿಂತಿದೆ ಎಂದು ಗೊತ್ತಿದ್ದರೆ ತೀರ್ಥದಲ್ಲಿ ಕೈ ಇಳಿಸುವಾಗ ಬೆರಳು ಮುಟ್ಟಿ ನೋಡಿಕೊಳ್ಳುತ್ತಿದ್ದಳೋ ಏನೋ. ತುಂಬಿದ ಸಭೆಯಲ್ಲಿ ಗಂಡ ಇವಳು ಯಾರೋ ಗೊತ್ತಿಲ್ಲ ಅಂದಾಗ, ಅವನು ಸುಳ್ಳ ಎಂದು ತಿಳಿದು ಸುಡುವ ಬದಲು, ಇದು ಶಾಪ ಎಂದಾದರೂ ತಿಳಿಯುತ್ತಿತ್ತು. ಗೆಳತಿಯರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ಸಭೆಯಲ್ಲಿ ನಿಂತದ್ದು ಅವರಲ್ಲ. ಶಾಪದ ವಿಷಯ ಶಕುಂತಲೆಗೆ ಗೊತ್ತಾಗುವುದು ಏಳನೇ ಅಂಕದಲ್ಲಿ, ಮಾರೀಚನ ಆಶ್ರಮದಲ್ಲಿ. ಅಷ್ಟು ಹೊತ್ತಿಗೆ ಮಗ ಸಿಂಹದ ಮರಿಯ ಜೊತೆ ಆಡುವಷ್ಟು ದೊಡ್ಡವನಾಗಿದ್ದಾನೆ. ಅಂದಹಾಗೆ, ಮಹಾಭಾರತದ ಮೂಲ ಕಥೆಯಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ.

ಹಾಗಾಗಿ ನಾನು ಉದ್ದೇಶ ಒಳ್ಳೆಯದೇ ಅಲ್ಲವೇ ಎಂದು ನೋಡುವುದಿಲ್ಲ. ಮುಚ್ಚಿಟ್ಟವರೆಲ್ಲ ಒಳ್ಳೆಯದಕ್ಕೇ ಮುಚ್ಚಿಟ್ಟೆವು ಅನ್ನುತ್ತಾರೆ. ಮುಚ್ಚಿಟ್ಟದ್ದಕ್ಕೆ ದಂಡ ತೆತ್ತವರು ಯಾರು ಎಂದು ನೋಡುತ್ತೇನೆ. ಮುಚ್ಚಿಟ್ಟವರೇ ತೆತ್ತರೋ, ಏನೂ ಗೊತ್ತಿಲ್ಲದವರು ತೆತ್ತರೋ? ಬಹುಪಾಲು ಕಥೆಗಳ ಬಣ್ಣ ತೀರ್ಮಾನವಾಗುವುದು ಇಲ್ಲೇ.

ಹಾಗಾದರೆ ಇದೇ ವಸ್ತುವಿನ ಮೇಲೆ ತಮಾಷೆಯ ಕಥೆಗಳು ಹೇಗೆ ಬಂದವು?

ಅದಕ್ಕೂ ಇದೇ ಲೆಕ್ಕ. ದಂಡವೆಲ್ಲ ಮುಚ್ಚಿಡುವವನ ತಲೆ ಮೇಲೆ ಬಿದ್ದರೆ ಕಥೆಗೆ ನಗು ಬರುತ್ತದೆ.

‘ಗುಡ್ ಬೈ ಲೆನಿನ್’ 2003ರ ಜರ್ಮನ್ ಸಿನಿಮಾ. ಪೂರ್ವ ಬರ್ಲಿನ್ನಿನ ತಾಯಿಯೊಬ್ಬಳು 1989ರಲ್ಲಿ ಕೋಮಾಕ್ಕೆ ಹೋಗುತ್ತಾಳೆ. ಎಂಟು ತಿಂಗಳ ನಂತರ ಎಚ್ಚರವಾದಾಗ ಬರ್ಲಿನ್ ಗೋಡೆ ಬಿದ್ದುಹೋಗಿದೆ. ಅವಳು ನಂಬಿದ್ದ ಕಮ್ಯುನಿಸ್ಟ್ ವ್ಯವಸ್ಥೆಯೇ ಕುಸಿದಿದೆ. ಆಘಾತವಾದರೆ ಜೀವಕ್ಕೆ ಅಪಾಯ ಅನ್ನುತ್ತಾರೆ ಡಾಕ್ಟರು. ಮಗ ಅಲೆಕ್ಸ್ ಅವಳ ಕೋಣೆಯೊಳಗೆ ಹಳೆಯ ದೇಶವನ್ನೇ ಕಟ್ಟುತ್ತಾನೆ. ಹಳೇ ಉಪ್ಪಿನಕಾಯಿ ಬಾಟಲಿಗಳನ್ನು ಕಸದ ತೊಟ್ಟಿಯಿಂದ ಆರಿಸಿ ತಂದು ಕುದಿಸಿ, ಹೊಸ ಉಪ್ಪಿನಕಾಯಿ ಅದರೊಳಗೆ ತುಂಬುತ್ತಾನೆ. ಕಿಟಕಿಯಾಚೆ ಕೋಕಾಕೋಲಾ ಬ್ಯಾನರ್ ಬಿಚ್ಚಿಕೊಂಡಾಗ ಗೆಳೆಯನನ್ನು ಹಿಡಿದು ಒಂದು ನಕಲಿ ಟಿವಿ ವಾರ್ತೆಯನ್ನೇ ತಯಾರಿಸುತ್ತಾನೆ. ಸುಳ್ಳು ಸಾಕುವುದು ಎಷ್ಟು ದುಬಾರಿ ನೋಡಿ. ಒದ್ದಾಟ ಪೂರ್ತಿ ಅವನದು, ಅಮ್ಮ ಹಾಯಾಗಿ ಮಲಗಿದ್ದಾಳೆ.

2019ರ ‘ದಿ ಫೇರ್‌ವೆಲ್’ನಲ್ಲಿ ಅಜ್ಜಿಗೆ ಶ್ವಾಸಕೋಶದ ಕ್ಯಾನ್ಸರ್. ಅಜ್ಜಿಗೊಬ್ಬಳಿಗೆ ಬಿಟ್ಟು ಮನೆಮಂದಿಗೆಲ್ಲ ಗೊತ್ತು. ಎಲ್ಲರೂ ಒಂದುಗೂಡಲು ನೆಪ ಬೇಕಲ್ಲ, ಮೊಮ್ಮಗನ ಮದುವೆಯನ್ನು ಅವಸರವಸರವಾಗಿ ಏರ್ಪಡಿಸುತ್ತಾರೆ. ವೈದ್ಯಕೀಯ ವರದಿಯನ್ನೂ ತಿದ್ದಿಸುತ್ತಾರೆ. ಮದುವೆಯ ಓಡಾಟವೆಲ್ಲ ಅಜ್ಜಿಯದೇ. ಉಳಿದವರು ಬಚ್ಚಲಿಗೆ ಹೋಗಿ ಅತ್ತು ಬರುವವರ ಮುಖ ಹೊತ್ತುಕೊಂಡು ಫೋಟೋಗೆ ನಗುತ್ತಾರೆ. ಅಜ್ಜಿಯೂ ಹಿಂದೆ ತನ್ನ ಗಂಡನಿಗೆ ಹೀಗೇ ಮಾಡಿದ್ದಳಂತೆ. ನಿರ್ದೇಶಕಿ ಲುಲು ವಾಂಗ್ ತನ್ನ ಮನೆಯಲ್ಲಿ ನಡೆದದ್ದನ್ನೇ ಸಿನಿಮಾ ಮಾಡಿದ್ದು.

ನಗುವಿನ ಕೊನೆಯ ಗಡಿಗೆ ಹೋದದ್ದು 1997ರ ‘ಲೈಫ್ ಈಸ್ ಬ್ಯೂಟಿಫುಲ್’. ನಾಜಿಗಳ ಯಾತನಾ ಶಿಬಿರದಲ್ಲಿ ಅಪ್ಪ ಮಗನಿಗೆ ಇದೆಲ್ಲ ಒಂದು ಆಟ, ಸಾವಿರ ಅಂಕ ಬಂದರೆ ನಿಜವಾದ ಟ್ಯಾಂಕ್ ಬಹುಮಾನ ಎಂದು ನಂಬಿಸುತ್ತಾನೆ. ಮಗ ಉಳಿಯುತ್ತಾನೆ, ಅಪ್ಪ ಸಾಯುತ್ತಾನೆ. ದಂಡ ಪೂರಾ ಸಂದಾಯವಾಯಿತು.

ಅಂದರೆ ಸತ್ಯ ಹೇಳಿಬಿಡುವುದೇ ಯಾವಾಗಲೂ ಸರಿ ಅಂತೀರಾ?

ಇಲ್ಲ. ಅಲ್ಲೇ ಇಬ್ಸೆನ್ ಅಡ್ಡ ನಿಲ್ಲುತ್ತಾನೆ. 1884ರ ‘ದಿ ವೈಲ್ಡ್ ಡಕ್’ ನಾಟಕದಲ್ಲಿ ಯಾಲ್ಮರ್ ಎಂಬ ಫೋಟೋಗ್ರಾಫರ್ ಹೆಂಡತಿ ಮಗಳೊಂದಿಗೆ ಹೇಗೋ ನೆಮ್ಮದಿಯಾಗಿದ್ದಾನೆ. ಹೆಂಡತಿಗೆ ಹಿಂದೆ ತಾನು ಕೆಲಸಕ್ಕಿದ್ದ ಮನೆಯ ಯಜಮಾನನ ಜೊತೆ ಸಂಬಂಧವಿದ್ದದ್ದು ಅವನಿಗೆ ಗೊತ್ತಿಲ್ಲ. ಮಗಳು ಹೆಡ್ವಿಗ್‌ಗೆ ತನ್ನ ಕಣ್ಣು ಹೋಗುತ್ತಿದೆ ಎಂದು ಗೊತ್ತಿಲ್ಲ. ಗ್ರೆಗರ್ಸ್ ಎಂಬ ಗೆಳೆಯ ಬರುತ್ತಾನೆ. ಸತ್ಯದ ಮೇಲೆ ಸಂಸಾರ ಕಟ್ಟಬೇಕು ಎಂದು ಅವನಿಗೆ ಹುಚ್ಚು. ಯಾಲ್ಮರ್‌ಗೆ ಎಲ್ಲ ಹೇಳಿಬಿಡುತ್ತಾನೆ. ಯಾಲ್ಮರ್ ದೊಡ್ಡ ಮನುಷ್ಯನೇನೂ ಆಗುವುದಿಲ್ಲ. ಹೆಡ್ವಿಗ್ ತನ್ನ ಮಗಳೇ ಹೌದೋ ಅಲ್ಲವೋ ಎಂದು ಅವಳನ್ನೇ ದೂರ ತಳ್ಳುತ್ತಾನೆ. ಹದಿನಾಲ್ಕು ವರ್ಷದ ಹುಡುಗಿ ಗುಂಡು ಹೊಡೆದುಕೊಂಡು ಸಾಯುತ್ತಾಳೆ.

ಇಲ್ಲಿಯೂ ಲೆಕ್ಕ ಅದೇ, ಗಮನಿಸಿ. ಸತ್ಯ ಹೇಳಿ ತೃಪ್ತಿಪಟ್ಟವನು ಒಬ್ಬ. ದಂಡ ತೆತ್ತವಳು ಬೇರೆ. ಹೇಳುವುದರಲ್ಲೂ ಮುಚ್ಚಿಡುವಷ್ಟೇ ಸ್ವಾರ್ಥ ಇರಬಹುದು.

ಹೆಣ್ಣು ಪಾತ್ರಗಳಿಂದಲೇ ಜಾಸ್ತಿ ಮುಚ್ಚಿಡುತ್ತಾರೆ ಅನ್ನಿಸುತ್ತದೆ. ನಿಜವೇ?

ಎಣಿಸಿ ನೋಡಿದವನಲ್ಲ ನಾನು. ಆದರೆ ಅವರ ಕಥೆಗಳಲ್ಲಿ ಒಂದು ರೀತಿ ಮತ್ತೆ ಮತ್ತೆ ಕಾಣುತ್ತದೆ. ತೀರ್ಮಾನ ಬೇರೆಲ್ಲೋ ಆಗಿರುತ್ತದೆ. ಇವಳಿಗೆ ತಿಳಿಯುವುದು ಎಲ್ಲ ಮುಗಿದ ಮೇಲೆ.

ಸೀತೆಯ ಪರಿತ್ಯಾಗ ತೆಗೆದುಕೊಳ್ಳಿ. ಗಂಗೆಯ ದಡದ ಆಶ್ರಮಗಳನ್ನು ನೋಡಬೇಕು ಎಂದು ಬಸುರಿ ಸೀತೆ ಆಸೆಪಟ್ಟಿರುತ್ತಾಳೆ. ಅವಳನ್ನು ಕಾಡಿಗೆ ಕಳಿಸಲು ಅದೇ ಆಸೆ ನೆಪವಾಗುತ್ತದೆ. ಲಕ್ಷ್ಮಣ ರಥ ತರುತ್ತಾನೆ. ಋಷಿಪತ್ನಿಯರಿಗೆ ಕೊಡಲು ಸೀರೆ, ಒಡವೆ ಎತ್ತಿಕೊಂಡು ಅವಳು ಸಂಭ್ರಮದಿಂದ ಹತ್ತಿ ಕೂರುತ್ತಾಳೆ. ದಾರಿಯಲ್ಲಿ ಲಕ್ಷ್ಮಣ ಅಳುತ್ತಾನೆ. ಅಣ್ಣನನ್ನು ಎರಡು ದಿನ ಬಿಟ್ಟಿರಲಾರೆಯಾ ಎಂದು ಅವಳೇ ಅವನನ್ನು ಸಂತೈಸುತ್ತಾಳೆ! ನದಿ ದಾಟಿದ ಮೇಲೆ ಅವನು ಬಾಯಿಬಿಡುತ್ತಾನೆ. ಕನ್ನಡದಲ್ಲಿ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಈ ಪ್ರಸಂಗ ಓದಿದವರು ಮರೆಯುವುದಿಲ್ಲ. ಹೇಳಬೇಕಾದವನು ರಾಮ. ಹೇಳುವ ಕೆಲಸ ತಮ್ಮನ ಪಾಲಿಗೆ.

1847ರ ‘ಜೇನ್ ಐರ್’ನಲ್ಲಿ ಜೇನ್‌ಗೆ ಮದುವೆಯ ದಿನ ಚರ್ಚಿನಲ್ಲೇ ತಿಳಿಯುತ್ತದೆ, ರಾಚೆಸ್ಟರ್‌ನ ಮೊದಲ ಹೆಂಡತಿ ಅದೇ ಮನೆಯ ಮೇಲಿನ ಮಾಳಿಗೆಯಲ್ಲಿ ಬೀಗದೊಳಗೆ ಇದ್ದಾಳೆ ಎಂದು. ರಾತ್ರಿ ಕೇಳಿಸುತ್ತಿದ್ದ ನಗುವಿಗೆ ಅದುವರೆಗೂ ಗ್ರೇಸ್ ಪೂಲ್ ಎಂಬ ಕೆಲಸದವಳ ಹೆಸರು ಹೇಳಿ ಸಾಗಹಾಕಿದ್ದರು. ಆದರೆ ಜೇನ್ ಸೀತೆಯಲ್ಲ. ಗೊತ್ತಾದ ಮೇಲೆ ತಾನೇ ಮನೆ ಬಿಟ್ಟು ಹೊರಡುತ್ತಾಳೆ.

ಮಕ್ಕಳಿಂದ ಮುಚ್ಚಿಡುವುದು ಸಹಜವೇ ಅಲ್ವಾ?

ಸಹಜ. ಎಲ್ಲಿಯವರೆಗೆ ಅನ್ನುವುದೇ ಕಥೆ. ಎಮಾ ಡನಹ್ಯೂ 2010ರಲ್ಲಿ ಬರೆದ ‘ರೂಮ್’ನಲ್ಲಿ ಜ್ಯಾಕ್‌ಗೆ ತಮ್ಮನ್ನು ಕೂಡಿಹಾಕಿರುವ ಕೋಣೆಯೇ ಜಗತ್ತು, ಟಿವಿಯಲ್ಲಿ ಕಾಣುವುದೆಲ್ಲ ಸುಳ್ಳು ಎಂದು ಅಮ್ಮ ನಂಬಿಸಿರುತ್ತಾಳೆ. ಐದು ತುಂಬುತ್ತಿದ್ದಂತೆ ತಾನೇ ಅದನ್ನು ಒಡೆಯುತ್ತಾಳೆ. ಯಾಕೆಂದರೆ ತಪ್ಪಿಸಿಕೊಳ್ಳಲು ಅವನ ಸಹಾಯ ಬೇಕು. ಹುಡುಗ ಸಿಟ್ಟಾಗುತ್ತಾನೆ, ನಂಬಲು ಒಪ್ಪುವುದಿಲ್ಲ. ಅದು ಬಹಳ ಸರಿಯಾಗಿ ಬಂದಿದೆ. ಸತ್ಯ ಕೇಳಿದ ತಕ್ಷಣ ಯಾರೂ ಕೃತಜ್ಞರಾಗುವುದಿಲ್ಲ.

ಹ್ಯಾರಿ ಪಾಟರ್‌ಗೆ ಎರಡು ಸಲ ಹೀಗಾಗುತ್ತದೆ. ಅಪ್ಪ ಅಮ್ಮ ಕಾರು ಅಪಘಾತದಲ್ಲಿ ಸತ್ತರು ಎಂದು ದೊಡ್ಡಮ್ಮನ ಮನೆಯವರು ಹೇಳಿದ್ದು ಒಂದು. ಅದು ಮೊದಲ ಪುಸ್ತಕದಲ್ಲೇ ಬಿಚ್ಚಿಕೊಳ್ಳುತ್ತದೆ. ಅವನ ಬಗೆಗಿನ ಭವಿಷ್ಯವಾಣಿಯನ್ನು ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ಐದನೇ ಪುಸ್ತಕದ ತನಕ ಹೇಳದೆ ಇಟ್ಟುಕೊಂಡದ್ದು ಇನ್ನೊಂದು. ಹುಡುಗ ಸಂತೋಷವಾಗಿರಲಿ ಎಂದು ಹೇಳಲಿಲ್ಲ ಅನ್ನುತ್ತಾನೆ ಮುದುಕ. ಅಷ್ಟರಲ್ಲಿ ಹ್ಯಾರಿಯ ಗಾಡ್‌ಫಾದರ್ ಸಿರಿಯಸ್ ಸತ್ತಾಗಿದೆ. ಹುಡುಗ ಕೋಣೆಯ ಸಾಮಾನೆಲ್ಲ ಒಡೆದು ಹಾಕುತ್ತಾನೆ. ನನಗೆ ಹುಡುಗನದೇ ಸರಿ ಅನ್ನಿಸಿತು.

ಕಝುವೊ ಇಶಿಗುರೊನ 2005ರ ‘ನೆವರ್ ಲೆಟ್ ಮಿ ಗೋ’ ಇನ್ನೂ ಸೂಕ್ಷ್ಮ. ಹೇಲ್‌ಶಾಮ್ ಎಂಬ ವಸತಿಶಾಲೆಯ ಮಕ್ಕಳನ್ನು ಅಂಗಾಂಗ ದಾನಕ್ಕೆಂದೇ ಬೆಳೆಸುತ್ತಿದ್ದಾರೆ. ಅವರಿಗೆ ಸುಳ್ಳು ಹೇಳಿಲ್ಲ. ಸತ್ಯವನ್ನು ಚೂರು ಚೂರಾಗಿ, ಅರ್ಥವಾಗುವ ವಯಸ್ಸಿಗೆ ಮುಂಚೆಯೇ, ಬೇರೆ ಪಾಠಗಳ ನಡುವೆ ಹೇಳಿಬಿಟ್ಟಿದ್ದಾರೆ. ಹಾಗಾಗಿ ಎಲ್ಲ ಗೊತ್ತಿದ್ದೂ ಏನೂ ತಟ್ಟುವುದಿಲ್ಲ. ಮುಚ್ಚಿಡುವ ವಿಧಾನಗಳಲ್ಲಿ ಇದಕ್ಕಿಂತ ಭಯಂಕರವಾದದ್ದನ್ನು ನಾನು ಓದಿಲ್ಲ.

ಇಡೀ ಊರೇ ಸೇರಿ ಒಬ್ಬನಿಂದ ಸತ್ಯ ಮುಚ್ಚಿಡುವುದು ನಂಬುವ ಹಾಗಿದೆಯೇ?

1998ರ ‘ದಿ ಟ್ರೂಮನ್ ಶೋ’ ನಂಬಿಸಿತಲ್ಲ! ಅಲ್ಲಿ ಊರೇ ಸೆಟ್ಟು, ಹೆಂಡತಿ, ಗೆಳೆಯ ಎಲ್ಲರೂ ನಟರು. ಜಗತ್ತೆಲ್ಲ ನೋಡುವ ಕಾರ್ಯಕ್ರಮದ ನಾಯಕ ತಾನು ಎಂದು ಟ್ರೂಮನ್‌ಗೊಬ್ಬನಿಗೆ ಗೊತ್ತಿಲ್ಲ. ಆಕಾಶದಿಂದ ಒಂದು ಲೈಟು ಅವನ ಮುಂದೆ ಬಿದ್ದು ಒಡೆಯುತ್ತದೆ. ಮೇಲೆ ನಕ್ಷತ್ರದ ಹೆಸರು ಬರೆದಿದೆ. ಸ್ವಲ್ಪ ಹೊತ್ತಿಗೆ ರೇಡಿಯೋದಲ್ಲಿ, ಹಾರುತ್ತಿದ್ದ ವಿಮಾನದಿಂದ ಬಿಡಿಭಾಗ ಉದುರಿದೆ ಎಂದು ಸುದ್ದಿ ಬರುತ್ತದೆ.

ನಂಬಿಕೆ ಹುಟ್ಟಿಸುವುದು ಕ್ಯಾಮೆರಾಗಳ ಸಂಖ್ಯೆಯಲ್ಲ. ಅವನು ಪ್ರಶ್ನೆ ಕೇಳದ ಹಾಗೆ ಬೆಳೆಸಿದ ರೀತಿ. ಚಿಕ್ಕವನಿದ್ದಾಗ ಕಣ್ಣೆದುರೇ ಅಪ್ಪ ಮುಳುಗಿಹೋದ ಹಾಗೆ ನಾಟಕ ಆಡಿಸಿ ನೀರಿನ ಭಯ ಹಾಕುತ್ತಾರೆ. ಊರು ದ್ವೀಪ, ಇನ್ನೆಲ್ಲಿ ಹೋಗುತ್ತಾನೆ? ಪ್ರಯಾಣದ ಟಿಕೆಟ್ ಕೊಡುವ ಕಚೇರಿಯಲ್ಲಿ ಸಿಡಿಲು ಬಡಿದ ವಿಮಾನದ ಪೋಸ್ಟರು ಅಂಟಿಸಿದ್ದಾರೆ. ಭಯ ಇದ್ದರೆ ಬೀಗ ಬೇಕಾಗುವುದಿಲ್ಲ.

ನಾನೂ ಇಂಥ ಕಥೆ ಬರೆಯುತ್ತಿದ್ದೇನೆ. ಪಾತ್ರ ಪೆದ್ದ ಅನ್ನಿಸದ ಹಾಗೆ ಏನು ಮಾಡಬೇಕು?

ಸುಳಿವು ಕಂಡಾಗ ಅದಕ್ಕೆ ಬೇರೊಂದು ನಂಬುವಂಥ ಅರ್ಥ ಸಿಗಬೇಕು. ಜೇನ್‌ಗೆ ಗ್ರೇಸ್ ಪೂಲ್ ಸಿಕ್ಕ ಹಾಗೆ. ಪಾತ್ರ ಬುದ್ಧಿವಂತನಾದಷ್ಟೂ ಒಳ್ಳೆಯದು. ಇರುವ ಮಾಹಿತಿಯಿಂದ ಅವನು ಸರಿಯಾಗಿಯೇ ತರ್ಕ ಮಾಡಿ ತಪ್ಪು ಜಾಗಕ್ಕೆ ಬರಲಿ. ಈಡಿಪಸ್ ಒಗಟು ಬಿಡಿಸಿ ರಾಜನಾದವನು ಎಂಬುದನ್ನು ಮರೆಯಬೇಡಿ. ಇನ್ನೊಂದು, ನಂಬಲು ಅವನಿಗೆ ಆಸೆಯೂ ಇರಬೇಕು. ಪಿಪ್‌ಗೆ ಹ್ಯಾವಿಶಾಮಳೇ ಕೊಟ್ಟಿರಲಿ ಅನ್ನುವ ಆಸೆ, ಯಾಕೆಂದರೆ ಹಾಗಿದ್ದರೆ ಅವಳ ಸಾಕುಮಗಳು ಎಸ್ಟೆಲ್ಲಾ ಸಿಗುತ್ತಾಳೆ.

ಎಲ್ಲಕ್ಕಿಂತ ಮುಖ್ಯ, ಮುಚ್ಚಿಡುವವರಿಗೆ ಗಟ್ಟಿ ಕಾರಣ ಕೊಡಿ. ಎರಡು ನಿಮಿಷ ಕೂತು ಮಾತಾಡಿದ್ದರೆ ಮುಗಿದುಹೋಗುತ್ತಿತ್ತು ಎಂದು ಓದುಗ ಬೈದುಕೊಂಡರೆ ಕಥೆ ಸತ್ತಿತು. ಹೇಳಲು ಬಾಯಿ ತೆರೆದಾಗಲೆಲ್ಲ ಫೋನು ಹೊಡೆದುಕೊಳ್ಳುವ ಧಾರಾವಾಹಿಗಳ ಬಗ್ಗೆ ನಾನೇನೂ ಹೇಳಬೇಕಿಲ್ಲ.

ಸತ್ಯ ಹೊರಬೀಳುವ ದೃಶ್ಯ ಹೇಗಿರಬೇಕು?

ಗೊತ್ತಾಗುವುದೂ ಬದುಕು ತಲೆಕೆಳಗಾಗುವುದೂ ಒಟ್ಟಿಗೆ ಆದರೆ ಉತ್ತಮ ಎಂದು ಅರಿಸ್ಟಾಟಲ್ ಹೇಳಿದ್ದಾನೆ. ಅವನು ಕೊಟ್ಟ ಉದಾಹರಣೆಯೂ ಈಡಿಪಸ್. ನನ್ನ ಮಟ್ಟಿಗೆ, ಬಯಲಾಗುವ ಸತ್ಯ ಆ ಪಾತ್ರ ಯಾವುದರ ಮೇಲೆ ನಿಂತಿದೆಯೋ ಅದನ್ನೇ ಅಲುಗಿಸಬೇಕು. ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ದ ಶ್ರೀನಿವಾಸ ಶ್ರೋತ್ರಿಗಳು ವಂಶ, ಕುಲ, ಧರ್ಮ ಎಂದು ಜೀವನವಿಡೀ ಗಟ್ಟಿಯಾಗಿ ನಿಂತವರು. ಅವರಿಗೆ ಇಳಿವಯಸ್ಸಿನಲ್ಲಿ ಗೊತ್ತಾಗುವುದು ತಮ್ಮ ಹುಟ್ಟಿನ ಗುಟ್ಟು. ಬೇರೆ ಯಾವ ಗುಟ್ಟಾಗಿದ್ದರೂ ಅವರು ತಡೆದುಕೊಳ್ಳುತ್ತಿದ್ದರು.

ನಟರಿಂದಲೇ ಸತ್ಯ ಮುಚ್ಚಿಟ್ಟದ್ದು ಉಂಟಾ?

ಉಂಟು. ‘ಸ್ಟಾರ್ ವಾರ್ಸ್’ ಸರಣಿಯ 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರೀಕರಣದಲ್ಲಿ ಡಾರ್ತ್ ವೇಡರ್ ವೇಷ ಹಾಕಿದ್ದ ಡೇವಿಡ್ ಪ್ರೌಸ್‌ಗೆ ಬೇರೆಯೇ ಮಾತು ಬರೆದುಕೊಟ್ಟಿದ್ದರು. ನಿನ್ನಪ್ಪ ನಾನೇ ಎಂಬ ನಿಜವಾದ ಮಾತನ್ನು ಆಮೇಲೆ ಜೇಮ್ಸ್ ಅರ್ಲ್ ಜೋನ್ಸ್ ದನಿಯಲ್ಲಿ ಸೇರಿಸಿದರು. ಲ್ಯೂಕ್ ಪಾತ್ರ ಮಾಡಿದ ಮಾರ್ಕ್ ಹ್ಯಾಮಿಲ್‌ಗೆ ದೃಶ್ಯ ತೆಗೆಯುವ ಸ್ವಲ್ಪ ಮುಂಚೆ ಹೇಳಿದ್ದರಂತೆ.

ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವ ಪಾತ್ರಗಳು?

ಅರಗಿನ ಮನೆ! ವಿದುರ ಒಗಟಿನ ಮಾತಲ್ಲಿ ಎಚ್ಚರಿಸಿದ ಮೇಲೆ ಪಾಂಡವರಿಗೆ ಎಲ್ಲ ಗೊತ್ತು. ಆದರೂ ಏನೂ ಅರಿಯದವರಂತೆ ಅದೇ ಮನೆಯಲ್ಲಿ ಇರುತ್ತಾರೆ. ಸುರಂಗ ತೋಡಿಸುತ್ತಾರೆ. ಕೊನೆಗೆ ಮೋಸ ಹೋದವನು ಅವರನ್ನು ಸುಡಲು ಕಾದಿದ್ದ ಪುರೋಚನ.

‘ಗುಡ್ ಬೈ ಲೆನಿನ್’ನಲ್ಲೂ ಹೀಗೊಂದು ತಿರುವಿದೆ. ಕೊನೆಗೆ ನರ್ಸ್ ಲಾರಾ ತಾಯಿಗೆ ನಿಜ ಹೇಳಿಬಿಡುತ್ತಾಳೆ. ಅಲೆಕ್ಸ್‌ಗೆ ಅದು ಗೊತ್ತಿಲ್ಲ. ಅವನು ಹೆಮ್ಮೆಯಿಂದ ಕೊನೆಯ ನಕಲಿ ವಾರ್ತೆ ಹಾಕುತ್ತಾನೆ. ತಾಯಿ ಟಿವಿಗಿಂತ ಜಾಸ್ತಿ ಮಗನ ಮುಖವನ್ನೇ ನೋಡುತ್ತಾಳೆ. ಈಗ ಮುಚ್ಚಿಡುತ್ತಿರುವವಳು ಅವಳು.

ಕಥೆ ಮುಗಿದರೂ ಸತ್ಯ ಗೊತ್ತಾಗದೇ ಉಳಿಯಬಹುದಾ?

ಉಳಿಯಬಹುದು. ಗಿರೀಶ ಕಾರ್ನಾಡರ ‘ನಾಗಮಂಡಲ’ ಅಂಥದ್ದೇ. ಅಪ್ಪಣ್ಣ ರಾಣಿಯನ್ನು ಮನೆಯೊಳಗೆ ಕೂಡಿಹಾಕಿ ಬೀಗ ಜಡಿದು ಹೋಗುತ್ತಾನೆ, ಮಧ್ಯಾಹ್ನ ಊಟಕ್ಕಷ್ಟೇ ಬರುತ್ತಾನೆ. ರಾತ್ರಿ ಅವನದೇ ರೂಪದಲ್ಲಿ ನಾಗಪ್ಪ ಬರುತ್ತಾನೆ. ಹಗಲು ಉರಿದುಬೀಳುವ ಗಂಡ ರಾತ್ರಿ ಇಷ್ಟು ಮೃದು ಹೇಗೆ ಎಂದು ರಾಣಿಗೆ ಅನುಮಾನ. ಕೇಳಬೇಡ ಅನ್ನುತ್ತಾನೆ ಅವನು. ಅವಳು ಬಸುರಿಯಾದಾಗ ಅಪ್ಪಣ್ಣ ಪಂಚಾಯಿತಿ ಸೇರಿಸುತ್ತಾನೆ. ಹುತ್ತಕ್ಕೆ ಕೈ ಹಾಕಿ ಹಾವು ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲ ಎಂದು ರಾಣಿ ಆಣೆ ಮಾಡುತ್ತಾಳೆ. ಅಕ್ಷರಶಃ ನಿಜ ಅದು. ಎಷ್ಟು ನಿಜ ಎಂದು ಅಲ್ಲಿದ್ದ ಯಾರಿಗೂ ಗೊತ್ತಿಲ್ಲ, ಪ್ರೇಕ್ಷಕರಿಗೆ ಬಿಟ್ಟು. ಜನ ಅವಳನ್ನು ದೇವಿ ಮಾಡುತ್ತಾರೆ. ಅಪ್ಪಣ್ಣ ಅದೇ ಗುಂಪಿನಲ್ಲಿ ನಿಂತು, ತಾನು ಮುಟ್ಟದ ಹೆಂಡತಿ ಬಸುರಿಯಾದದ್ದು ಹೇಗೆ ಎಂದು ತಲೆ ಕೆಡಿಸಿಕೊಳ್ಳುತ್ತಾನೆ. ಇಲ್ಲಿ ದಂಡ ತೆರುವ ಸರದಿ ಬೀಗ ಹಾಕಿದವನದು. ಅವನಿಗೆ ಯಾರೂ ವಿವರಿಸಿ ಹೇಳುವುದಿಲ್ಲ. ಹೇಳಬೇಕಿತ್ತು ಎಂದು ನಾಟಕ ನೋಡಿ ಬಂದ ಯಾರೂ ನನ್ನನ್ನು ಇದುವರೆಗೆ ಕೇಳಿಲ್ಲ.